ಪದಚರ್ಚೆ: ಸ್ವೀಡನ್ನಿನ ಪೊಲೀಸರು ಕನ್ನಡದಲ್ಲಿ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ಸ್ವೀಡನ್ನಿನ ಲೇಖಕರಾದ ಮಾಯ್ ಶೊವಾಲ್ ಮತ್ತು ಪೆರ್ ವಾಲೊ ಇಬ್ಬರೂ ಸೇರಿ 1965ರಿಂದ 1975ರವರೆಗೆ ಬರೆದ, ಪೊಲೀಸ್ ಪತ್ತೇದಾರ ಮಾರ್ಟಿನ್ ಬೆಕ್ ಸರಣಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ಒಟ್ಟು ಹತ್ತು ಕಾದಂಬರಿ. ಇವತ್ತು ಸ್ಕ್ಯಾಂಡಿನೇವಿಯಾದ ಪತ್ತೇದಾರಿ ಕಾದಂಬರಿ ಅಂತ ಅಂಗಡಿಯಲ್ಲಿ ಏನೆಲ್ಲ ಸಿಗುತ್ತದೋ ಅದರ ತಾಯಿಬೇರು ಇದು. ಓದುತ್ತಾ ಓದುತ್ತಾ ಮೊದಲನೆಯ ಪುಸ್ತಕದ ಕೆಲವು ಪುಟಗಳನ್ನು ಕನ್ನಡಕ್ಕೆ ತಂದು ನೋಡೋಣ ಅಂತ ಕೂತೆ. ಯೋತಾ ಕಾಲುವೆಯಲ್ಲಿ ಹೂಳೆತ್ತುವಾಗ ಹೆಂಗಸಿನ ಹೆಣ ಸಿಗುವವರೆಗೆ ತೊಂದರೆಯಿರಲಿಲ್ಲ. ಪೊಲೀಸರು ಪರಸ್ಪರ ಮಾತಾಡಲು ಶುರುಮಾಡಿದರು ನೋಡಿ, ಅಲ್ಲಿಗೆ ಕೆಲಸ ನಿಂತಿತು. ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’?

ಇಂಗ್ಲಿಷಿನವರಿಗೆ ಈ ತಲೆನೋವಿಲ್ಲ. ಸ್ವೀಡಿಷ್ ಭಾಷೆಯಲ್ಲೂ ಕ್ರಿಯಾಪದ ಲಿಂಗ, ವಚನ ನೋಡಿ ಬದಲಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮಾರ್ಟಿನ್ ಬೆಕ್‌ಗೆ ಸದಾ ನೆಗಡಿ, ಹೊಟ್ಟೆನೋವು. ಆತ ಕೆಮ್ಮಿದರೂ ‘ಕೆಮ್ಮಿದ’ನೋ ‘ಕೆಮ್ಮಿದರು’ ಆಗಬೇಕೋ ಅಂತ ಅನುವಾದಕ ತೀರ್ಮಾನ ಮಾಡಲೇಬೇಕು. ಹೆಸರಿಗೆ ವಿಭಕ್ತಿ ಹಚ್ಚಿದರೂ ಅದೇ ಕಥೆ: ಬೆಕ್ ಜೊತೆ ಕೆಲಸ ಮಾಡುವ ಪೊಲೀಸ್ ಕೊಲ್‌ಬರ್ಗ್ ವಿಷಯದಲ್ಲಿ ‘ಕೊಲ್‌ಬರ್ಗನಿಗೆ’ ಅಂದರೆ ಒಂದು, ‘ಕೊಲ್‌ಬರ್ಗರಿಗೆ’ ಅಂದರೆ ಇನ್ನೊಂದು. ನಾನು ಮೇಲೆ ‘ಬೆಕ್‌ಗೆ’ ಅಂತ ಬರೆದು ಜಾರಿಕೊಂಡಿದ್ದನ್ನು ಗಮನಿಸಿರುತ್ತೀರಿ.

ಸ್ವೀಡಿಷ್‌ನಲ್ಲಿ ‘ದು’ ಏಕವಚನ, ‘ನಿ’ ಬಹುವಚನ. ಹಾಗಾದರೆ ‘ದು’ ಇದ್ದಲ್ಲಿ ‘ನೀನು’, ‘ನಿ’ ಇದ್ದಲ್ಲಿ ‘ನೀವು’ ಹಾಕಿ ಮುಗಿಸಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ಹಳೆಯ ಸ್ವೀಡನ್ನಿನಲ್ಲಿ ‘ನಿ’ ಗೌರವದ ಮಾತೇ ಆಗಿರಲಿಲ್ಲ. ಪದವಿ, ಬಿರುದು ಏನೂ ಇಲ್ಲದವರಿಗೆ ಅನ್ನುವ ಮಾತು ಅಂತ ಅದಕ್ಕೊಂದು ಕೀಳು ವಾಸನೆಯಿತ್ತು. ಮರ್ಯಾದೆ ಕೊಡಬೇಕಾದರೆ ಎದುರಿಗಿರುವವರನ್ನೇ ಪ್ರಥಮ ಪುರುಷದಲ್ಲಿ, ಹುದ್ದೆ ಹಿಡಿದು ಮಾತಾಡಿಸಬೇಕಿತ್ತು: ‘ಡಾಕ್ಟರಿಗೆ ಕಾಫಿ ಬೇಕೇ?’ ಹುದ್ದೆ ಗೊತ್ತಿಲ್ಲದಿದ್ದರೆ ಕರ್ತೃವನ್ನೇ ಎಗರಿಸಿ ‘ಒಂದು ಕಾಫಿ ಆಗಬಹುದೇ?’ ಅನ್ನುವ ಧಾಟಿ. ಇದನ್ನು ಓದಿದಾಗ ನನಗೆ ನಗು ಬಂತು, ಏಕೆಂದರೆ ಇದು ಅಪ್ಪಟ ನಮ್ಮ ಉಪಾಯ. ‘ರಾಯರ ಸವಾರಿ ಎಲ್ಲಿಗೆ?’, ‘ಯಾವಾಗ ಬಂದದ್ದು?’, ‘ಊಟ ಆಯ್ತಾ?’, ಹಳೇ ಮೈಸೂರಿನ ‘ದಯಮಾಡಿಸೋಣವಾಗಲಿ’. ಏಕವಚನ ಅಂದರೆ ಸಿಟ್ಟು, ಬಹುವಚನ ಅಂದರೆ ದೂರ ಅನ್ನಿಸುವ ಕಡೆ ನಾವೂ ಹೀಗೇ ನುಣುಚಿಕೊಳ್ಳುತ್ತೇವೆ.

ಆಮೇಲೆ 1960ರ ದಶಕದ ಕೊನೆಗೆ ಆ ದೇಶದಲ್ಲಿ ಇದೆಲ್ಲ ಬಹಳ ಬೇಗ ಕುಸಿಯಿತು. ಅಲ್ಲಿಯ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ 1967ರಲ್ಲಿ ಬಂದ ಬ್ರೂರ್ ರೆಕ್ಸೆಡ್, ತಾನು ಸಿಬ್ಬಂದಿಯನ್ನೆಲ್ಲ ಹೆಸರು ಹಿಡಿದು ‘ದು’ ಅಂತಲೇ ಕರೆಯುವುದಾಗಿ ಸಾರಿದ್ದು ಈ ಬದಲಾವಣೆಯ ಗುರುತಾಗಿ ಉಳಿದಿದೆ. ಈಗ ರಾಜಮನೆತನ ಬಿಟ್ಟು ಉಳಿದ ಹೆಚ್ಚುಕಡಿಮೆ ಎಲ್ಲರಿಗೂ ‘ದು’. ನಮ್ಮ ಸರಣಿ ನಡೆಯುವುದು ಸರಿಯಾಗಿ ಈ ಹತ್ತು ವರ್ಷಗಳಲ್ಲಿ. ಹಾಗಾಗಿ 1965ರ ಪುಸ್ತಕಕ್ಕೂ 1975ರದಕ್ಕೂ ಕನ್ನಡದಲ್ಲಿ ಒಂದೇ ಸಂಬೋಧನೆ ಒಪ್ಪುತ್ತದೆಯೇ ಅನ್ನುವುದೂ ಪ್ರಶ್ನೆಯೇ.

ಈಗ ಪಾತ್ರಗಳಿಗೆ ಬರೋಣ. ಬೆಕ್ ಮತ್ತು ಕೊಲ್‌ಬರ್ಗ್ ಆಪ್ತರು, ಅವರಿಗೆ ‘ನೀನು’ ಸಲೀಸು. ಮೇಲಧಿಕಾರಿ ಹಮ್ಮಾರ್ ಬೆಕ್‌ನನ್ನು ಕರೆಯುವಾಗ ‘ನೀನು’ ದರ್ಪ ಅನ್ನಿಸುತ್ತದೆ, ‘ನೀವು’ ಲಗ್ನಪತ್ರಿಕೆಯ ಭಾಷೆ ಅನ್ನಿಸುತ್ತದೆ. ಇಲ್ಲಿ ನನಗೆ ಹೊಳೆದದ್ದು ನಮ್ಮ ಕಚೇರಿಗಳ ‘ರೀ’. ‘ಏನ್ರೀ ಬೆಕ್, ಏನಾಯ್ತ್ರೀ ಆ ಕೇಸು?’ ಇದರಲ್ಲಿ ಬಹುವಚನವೂ ಇದೆ, ಮೇಲಿನವನ ಸಲಿಗೆಯೂ ಇದೆ. ಕೆಳಗಿನವನು ಅದೇ ‘ರೀ’ಯನ್ನು ಮೇಲಿನವನಿಗೆ ಹಿಂತಿರುಗಿಸುವಂತಿಲ್ಲ, ಅವನದು ‘ಸರ್’. ಅದನ್ನು ಹಾಕಿದರೆ ಸ್ಟಾಕ್‌ಹೋಮ್ ಠಾಣೆ ಕಬ್ಬನ್ ಪಾರ್ಕ್ ಠಾಣೆಯಾಗುತ್ತದೆ ಅನ್ನುವ ಭಯ ಬೇರೆ.

ಇನ್ನು ಗುನ್‌ವಾಲ್ಡ್ ಲಾರ್ಸನ್. ದುಬಾರಿ ಬಟ್ಟೆಯ, ಒರಟು ಬಾಯಿಯ ಮಾಜಿ ನಾವಿಕ. ಅವನಿಗೂ ಕೊಲ್‌ಬರ್ಗ್‌ಗೂ ಆಗಿಬರುವುದಿಲ್ಲ. ಜಗಳಗಂಟರ ಮಧ್ಯೆ ಏಕವಚನ ಸಹಜ ಅಂತ ಮೊದಲು ‘ನೀನು’ ಹಾಕಿದ್ದೆ. ಓದಿ ನೋಡಿದರೆ ಅವರು ಅಣ್ಣತಮ್ಮಂದಿರ ಹಾಗೆ ಕಚ್ಚಾಡಿದಂತಿತ್ತು, ದ್ವೇಷ ಕಾಣಲಿಲ್ಲ. ‘ನೀವು ಸುಮ್ನಿರ್ರೀ, ನಿಮಗ್ಯಾಕೆ’ ಅಂತ ತಿದ್ದಿದ ಮೇಲೆ ಚುಚ್ಚು ಸರಿಯಾಗಿ ಕೂತಿತು. ಬೆಂಗಳೂರಿನ ರಸ್ತೆಯಲ್ಲಿ ಜಗಳ ಶುರುವಾಗುವುದು ‘ರೀ ಸ್ವಾಮಿ’ಯಿಂದಲೇ ಅಲ್ಲವೇ? ಏಕವಚನಕ್ಕೆ ಇಳಿಯುವುದು ಕೈ ಮಿಲಾಯಿಸುವ ಹೊತ್ತಿಗೆ.

ಸಂಭಾಷಣೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಿರೂಪಣೆ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗೆ ಒಂದು ವ್ಯಾಕರಣವಿದೆ. ಪೊಲೀಸರು ‘ಬಂಧಿಸಿದ್ದಾರೆ’, ಆರೋಪಿ ‘ತಲೆಮರೆಸಿಕೊಂಡಿದ್ದಾನೆ’. ಆರೋಪಿ ಅನ್ನಿಸಿಕೊಂಡ ಗಳಿಗೆಯಲ್ಲೇ ಮನುಷ್ಯನ ಬಹುವಚನ ಜಪ್ತಿ. ಇದನ್ನೇ ಕಾದಂಬರಿಗೆ ತಂದರೆ ಗುಟ್ಟು ರಟ್ಟು. ಸಾಕ್ಷಿಯಾಗಿ ಬಂದ ಗೌರವಸ್ಥರೆಲ್ಲ ‘ಹೇಳಿದರು’ ಆಗಿ, ಒಬ್ಬನೇ ಒಬ್ಬ ‘ಹೇಳಿದ’ ಆದರೆ ಓದುಗರಿಗೆ ಇನ್ನೇನು ಉಳಿಯಿತು? ಕೊನೆಯವರೆಗೂ ಬಹುವಚನ ಕೊಟ್ಟು, ಸಿಕ್ಕಿಬಿದ್ದ ಮೇಲೆ ಇಳಿಸಿದರೆ ನಿರೂಪಕನೇ ತೀರ್ಪು ಕೊಟ್ಟಂತೆ. ಈ ಇಬ್ಬರು ಲೇಖಕರು ಎಡಪಂಥೀಯರು, ಅಪರಾಧಿಯನ್ನು ತಯಾರಿಸಿದ ಸಮಾಜದ ಮೇಲೇ ಅವರ ಕಣ್ಣು. ಅವರ ನಿರೂಪಣೆ ಹಾಗೆ ಬೆರಳು ತೋರಿಸುವುದಿಲ್ಲ. ಆದ್ದರಿಂದ ಪೊಲೀಸ್, ಸಾಕ್ಷಿ, ಕೊಲೆಗಾರ ಎಲ್ಲರಿಗೂ ನಿರೂಪಣೆಯಲ್ಲಿ ಏಕವಚನವೇ ಸರಿ ಅಂತ ನನ್ನ ಪಕ್ಷ. ಐವತ್ತು ದಾಟಿದ ಅಧಿಕಾರಿ ‘ಬಂದ, ಹೋದ’ ಆಗುವುದು ಕೆಲವರ ಕಿವಿಗೆ ಒರಟಾದೀತು. ಆದರೂ ಸಮಾನತೆ ಇರಲಿ. ‘ಆತ’, ‘ಆಕೆ’ ಹಾಕಿದರೆ ಒರಟುತನ ಸ್ವಲ್ಪ ತಗ್ಗುತ್ತದೆ, ಕ್ರಿಯಾಪದ ಮಾತ್ರ ಇದ್ದಲ್ಲೇ ಇರುತ್ತದೆ.

ಕೊಂದದ್ದು ಗಂಡೋ ಹೆಣ್ಣೋ ತಿಳಿಯದ ಅಧ್ಯಾಯಗಳಲ್ಲಿ ಮಾತ್ರ ಏಕವಚನವೂ ಕೈಕೊಡುತ್ತದೆ. ‘ಕೊಲೆಗಾರ’, ‘ಹಂತಕ’ ಎರಡೂ ಗಂಡಸಿನ ಕಡೆ ವಾಲುತ್ತವೆ. ‘ಕೊಂದವರು’ ಅಂದರೆ ಲಿಂಗ ಮರೆಯಾಗುತ್ತದೆ, ಆದರೆ ಒಂದು ಗುಂಪೇ ಬಂದು ಕೊಂದಂತಾಗುತ್ತದೆ.

ಬಳಗದವರಲ್ಲಿ ಕೇಳುವುದಿಷ್ಟು. ‘ಕೊಂದವರು’ ಪದಕ್ಕಿಂತ ಒಳ್ಳೆಯದು ಯಾರ ಬಳಿಯಾದರೂ ಇದೆಯೇ? ಹುಬ್ಬಳ್ಳಿ-ಧಾರವಾಡ, ಕಲಬುರಗಿ ಕಡೆಯ ಠಾಣೆಗಳಲ್ಲಿ ಒಂದೇ ದರ್ಜೆಯ ಇಬ್ಬರು ಪಿಎಸ್‌ಐಗಳು ಪರಸ್ಪರ ಹೇಗೆ ಮಾತಾಡಿಸುತ್ತಾರೆ, ‘ಏನ್ರಿ ಸಾಹೇಬ್ರ’ ಅಂತಲೋ ಬರೀ ಅಡ್ಡಹೆಸರು (ಅಂದರೆ ಮನೆತನದ ಹೆಸರು) ಹಿಡಿದೋ? ಬೆಕ್, ಕೊಲ್‌ಬರ್ಗ್ ಎಲ್ಲ ಅಡ್ಡಹೆಸರಿನವರೇ ಆದ್ದರಿಂದ ಅಲ್ಲಿಯ ರೂಢಿ ನನಗೆ ಹೆಚ್ಚು ಉಪಯೋಗ. ಕರಾವಳಿಯವರು ‘ಬಂದದ್ದು, ಹೋದದ್ದು’ ಧಾಟಿ ಕಚೇರಿಯೊಳಗೆ ಇನ್ನೂ ನಡೆಯುತ್ತದೆಯೇ ಅಂತ ತಿಳಿಸಿದರೆ, ಹಮ್ಮಾರ್ ಬಾಯಿಗೆ ಅದನ್ನೂ ಹಾಕಿ ನೋಡುತ್ತೇನೆ.