ಅಪ್‌ಡೇಟ್: ಕ್ಯಾಮ್ರಿಗೆ ಕೊನೆಗೂ ಹೊಸ ಟೈರ್ ಹಾಕಿಸ್ದೆ

ನನ್ನ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕಾರಿಗೆ (ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ರೂ ಇರೋದು) ಸದ್ದು ಕಮ್ಮಿ ಇರೋ, ಜಾಸ್ತಿ ದಿನ ಬಾಳಿಕೆ ಬರೋ ಟೈರ್ ಯಾವ್ದು ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಿಶೆಲಿನ್ ಪ್ರೈಮಸಿ 4 ಎಸ್‌ಟಿ, ಮೊದಲಿದ್ದ ಅದೇ 235/45 ಆರ್18 ಸೈಜು, ನಾಲ್ಕೂ ಒಟ್ಟಿಗೆ ಹಾಕಿಸ್ದೆ.

ವ್ಯತ್ಯಾಸ ನಿಜವಾಗ್ಲೂ ಇದೆ. ಈ ಗಾಡೀಲಿ ನಿಧಾನಕ್ಕೆ ಹೋಗೋವಾಗ ಇಂಜಿನ್ ಆಫ್ ಆಗಿ ಬರೀ ಮೋಟರ್ ಮೇಲೆ ಓಡುತ್ತೆ, ಹಾಗಾಗಿ ಟೈರ್ ಸದ್ದನ್ನ ಮುಚ್ಚೋಕೆ ಬೇರೆ ಸದ್ದೇ ಇರಲ್ಲ, ಹಳೇ ಟೈರ್ ಅಂಚಲ್ಲಿ ಏರುಪೇರಾಗಿ ಸವೆದು ಗುಂಯ್ ಅಂತಿತ್ತು, ಈಗ ಡಾಂಬರ್ ರೋಡಲ್ಲಿ ಹಿಂದೆ ಕೂತ ಅಮ್ಮನ ಹತ್ರ ದನಿ ಏರಿಸ್ದೆ ಮಾತಾಡಬಹುದು. ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್ ಹಾಕಿರೋ) ರೋಡಲ್ಲಿ ಮಾತ್ರ ಸದ್ದು ಇನ್ನೂ ಇದೆ, ಕಾಂಕ್ರೀಟ್ ಮೇಲೆ ಯಾವ ಟೈರ್ ಆದ್ರೂ ಸ್ವಲ್ಪ ಸದ್ದು ಮಾಡೇ ಮಾಡುತ್ತೆ.

ಬಾಳಿಕೆ ಬಗ್ಗೆ ಹೇಳೋಕೆ ಇನ್ನೂ ಟೈಮ್ ಬೇಕು. ತಗೊಳ್ಳೋವ್ರು ಟೈರ್ ಪಕ್ಕದಲ್ಲಿರೋ ಡಾಟ್ ಕೋಡ್ ನೋಡ್ಲೇಬೇಕು, ಕೊನೇ ನಾಲ್ಕು ಅಂಕೀಲಿ ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ, 2224 ಅಂದ್ರೆ 2024ರ 22ನೇ ವಾರ ತಯಾರಾಗಿದ್ದು. ಅಂಗಡಿಯವ್ರು ಹಳೇ ಸ್ಟಾಕ್ ತಂದ್ರೆ ಬೇಡ ಅನ್ನಿ. ಅಲೈನ್‌ಮೆಂಟ್ (ಚಕ್ರದ ಕೋನ ಸರಿ ಮಾಡೋದು), ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡೋದು) ಅವತ್ತೇ ಮಾಡಿಸ್ದೆ, 10,000 ಕಿಮೀಗೊಂದ್ಸಲ ರೊಟೇಶನ್ (ಟೈರ್‌ಗಳ ಜಾಗ ಅದಲು ಬದಲು) ಮಾಡಿಸ್ತೀನಿ, ಗಾಳಿ ಮಾತ್ರ ಡೋರ್ ಹತ್ರ ಇರೋ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ.

ಕಾಂಟಿನೆಂಟಲ್ ಕಂಪನಿ ಟೈರ್ ಹಾಕಿಸಿರೋವ್ರು ಯಾರಾದ್ರೂ ಇದ್ರೆ ನಿಮ್ಮ ಅನುಭವಾನೂ ಹೇಳಿ, ಭಾವನ ಗಾಡಿಗೂ ಬೇಕಾಗಿದೆ.