ನವೆಂಬರ್ 14ಕ್ಕೆ ಅನಾಥಾಶ್ರಮಕ್ಕೆ ಹೋಗೋಣ ಅಂತಿದ್ದೀವಿ, ಹೋದವರು ಅನುಭವ ಹೇಳಿ

ಕೇಳಿದವರು: ಮಕ್ಕಳ ದಿನಾಚರಣೆಗೆ ನಮ್ಮ ಆಫೀಸಿನ 18 ಜನ ಹೋಗ್ತಿದ್ದೀವಿ. ಅಲ್ಲಿ 40 ಮಕ್ಕಳು. ಬಜೆಟ್ 25 ಸಾವಿರ. ಕೇಕು, ಆಟ ಬಿಟ್ಟು ಮತ್ತೇನು ಮಾಡಬಹುದು?

ಇಬ್ಬರು ಮಕ್ಕಳ ಅಮ್ಮ: ಹೋದ ವರ್ಷ ನಾವು ಅಪಾರ್ಟ್‌ಮೆಂಟಿನವರು ಹೋಗಿದ್ವಿ. ಐದು ಕೇಜಿ ಕೇಕು 4,200. ಊಟ ತಲೆಗೆ 110ರಂತೆ 60 ಜನಕ್ಕೆ 6,600. ಶೂ 38 ಜೊತೆ, 13,300. ಅಳತೆ ಕೇಳಿಕೊಂಡೇ ತಂದಿದ್ದೆ, ಆದ್ರೆ ಅವರು ಕೊಟ್ಟಿದ್ದು ಜೂನ್ ತಿಂಗಳ ಅಳತೆ! 11 ಜೊತೆ ಬಿಗಿ. ಮೂರು ಸಲ ಆಟೋ ಮಾಡ್ಕೊಂಡು ಹೋದ ಮೇಲೆ ಅಂಗಡಿಯವನು ಏಳು ಬದಲಿಸಿಕೊಟ್ಟ. ಅವತ್ತು ನಾವು ಹೋಗೋಷ್ಟರಲ್ಲಿ ಯಾವುದೋ ಕಂಪನಿಯವರು ಕೇಕ್ ಕಟ್ ಮಾಡಿಸಿ ಹೋಗಿದ್ರು, ನಮ್ಮ ಹಿಂದೆ ಇನ್ನೊಂದು ಗುಂಪು ಗೇಟಲ್ಲಿ. ಚಿಕ್ಕವನೊಬ್ಬ ವಾಂತಿ ಮಾಡಿಕೊಂಡ. ಆದ್ರೂ ಹೋಗಿದ್ದಕ್ಕೆ ಬೇಜಾರಿಲ್ಲ. ಆ ಫೋಟೋ ಈಗಲೂ ನಮ್ಮ ಹಾಲಲ್ಲಿದೆ.

ಮಾಜಿ ವಾರ್ಡನ್: ಹಾಲಲ್ಲಿರಲಿ, ಸ್ಟೇಟಸ್‌ಗೆ ಹಾಕಿಲ್ಲ ತಾನೇ? 2015ರ ಬಾಲನ್ಯಾಯ ಕಾಯ್ದೆ ಕಲಂ 74 ಓದಿ. ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ನಮ್ಮಲ್ಲಿ ಒಂದು ಗುಂಪು ಬ್ಯಾನರ್ ಸಮೇತ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕ್ತು. ಹೊಡೀತಾನೆ ಅಂತ ಮಕ್ಕಳ ಕಲ್ಯಾಣ ಸಮಿತಿ ಯಾವ ಅಪ್ಪನಿಂದ ಹುಡುಗೀನ ಬಿಡಿಸಿ ತಂದಿತ್ತೋ, ಅವನೇ ಬ್ಯಾನರ್ ಓದಿಕೊಂಡು ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬಂದ. ವರ್ಷದ ನಡುವೆ ಶಾಲೆ ಬಿಡಿಸಿ ಆ ಮಗೂನ ಬೇರೆ ಜಿಲ್ಲೆಗೆ ಕಳಿಸಬೇಕಾಯ್ತು.

ಇಬ್ಬರು ಮಕ್ಕಳ ಅಮ್ಮ: ನಮ್ಮ ಫೋಟೋದಲ್ಲಿ ಮಕ್ಕಳು ಬೆನ್ನು ಹಾಕಿ ನಿಂತಿದ್ದಾರೆ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡಿ. ಒಂದೇ ದಿನ ಮೂರು ಗುಂಪು ಒಳಗೆ ಬಿಟ್ಟುಕೊಳ್ಳೋರು ಯಾರು? ನಿಮ್ಮಂಥವರೇ.

ಮಾಜಿ ವಾರ್ಡನ್: ಬೇಡ ಅಂದ್ರೆ ಡಿಸೆಂಬರಿನ ಅಕ್ಕಿ ನೀವು ಕೊಡ್ತೀರಾ ತಾಯಿ?

ಅಲ್ಲೇ ಬೆಳೆದವನು: ಎಂಟು ವರ್ಷ ಇದ್ದೆ. ನಮ್ಮಲ್ಲಿ ವಂದನಾರ್ಪಣೆ ಹುಡುಗ ನಾನು. ಒಂದು ನವೆಂಬರ್ 14ಕ್ಕೆ ನಾಲ್ಕು ಸಲ ವಂದನಾರ್ಪಣೆ, ನಾಲ್ಕು ಸಲ ಅದೇ ಕೋಲಾಟ. ಮಾರನೇ ದಿನ ಗಣಿತದ ಟೆಸ್ಟು, 50ಕ್ಕೆ 9. ರಿಟೈರ್ಡ್ ಮೇಷ್ಟ್ರೊಬ್ಬರು ಪ್ರತಿ ಗುರುವಾರ ಬಂದು ಲೆಕ್ಕ ಹೇಳಿಕೊಡ್ತಿದ್ರು. ಒಂದು ಪೆಪ್ಪರ್‌ಮೆಂಟೂ ತಂದವರಲ್ಲ, ಬೈಗುಳ ಬೇರೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಅವರಿಂದ. ಕೇಕ್ ತಂದ ಒಬ್ಬರ ಮುಖವೂ ನೆನಪಿಲ್ಲ.

ಲೆಕ್ಕಪತ್ರದವರು: ದುಡ್ಡು ಕೊಡೋದಾದ್ರೆ ನಗದು ಬೇಡ. 2,000 ದಾಟಿದ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗಲ್ಲ. ನಾನು 15,000 ನೋಟು ಎಣಿಸಿ ಕೊಟ್ಟು ರಸೀದಿ ಫ್ರೇಮ್ ಹಾಕಿಸೋ ಹಾಗಾಯ್ತು. ಕೇಕು, ಊಟ, ಬಟ್ಟೆಗೂ ಸಿಗಲ್ಲ.

ಅಲ್ಲೇ ಬೆಳೆದವನು: ಓಹೋ, ನಮ್ಮ ಹೊಟ್ಟೆಗೆ ಬಿದ್ದ ಕೇಕಿಗೂ ವಿನಾಯಿತಿ ಬೇಕಿತ್ತಾ ಸಾರ್?

ಲೆಕ್ಕಪತ್ರದವರು: ಕಾನೂನು ಹೇಳಿದ್ರೆ ನಾನು ಜಿಪುಣನಾ? ಕೊಟ್ಟಿದ್ದೂ ಹೋಯ್ತು, ಬೈಸಿಕೊಂಡಿದ್ದೂ ಆಯ್ತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಮ್ಯಾನೇಜರ್ ಆಗಲೇ ಕೇಕ್ ಆರ್ಡರ್ ಮಾಡಿಬಿಟ್ಟಿದ್ದಾರೆ. ಬ್ಯಾನರ್ ಮಾತ್ರ ಕ್ಯಾನ್ಸಲ್ ಮಾಡಿಸ್ತೀನಿ.

ಇಬ್ಬರು ಮಕ್ಕಳ ಅಮ್ಮ: ಶೂ ಬೇಕಾದ್ರೆ ಹೇಳಿ. ನಾಲ್ಕು ಜೊತೆ ಇನ್ನೂ ನಮ್ಮನೇಲೇ ಇದೆ.