ಪದಚರ್ಚೆ: ‘ಷರತ್ತುಬದ್ಧ ಸಂಭವನೀಯತೆ’ ಹೇಳಲು ‘ಪೈಕಿ’ ಸಾಕಲ್ವಾ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ಜಾಸ್ತಿ. ಅವರಿಗೆ ಅಂತ ಕನ್ನಡದಲ್ಲಿ ಒಂದಿಷ್ಟು ಟಿಪ್ಪಣಿ ಬರೆಯುತ್ತಿದ್ದೇನೆ. ‘ಸಂಭವನೀಯತೆ’, ‘ಘಟನೆ’ ಇವೆಲ್ಲ ಶಾಲೆಯಲ್ಲೇ ಕೇಳಿದ ಪದಗಳು, ತೊಂದರೆ ಇಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ‘ಷರತ್ತುಬದ್ಧ ಸಂಭವನೀಯತೆ’ಯಲ್ಲಿ (conditional probability), ಅಂದರೆ ಒಂದು ಘಟನೆ ನಡೆದಿದೆ ಅಂತ ಗೊತ್ತಿದ್ದಾಗ ಇನ್ನೊಂದು ನಡೆಯುವ ಸಂಭವ ಎಷ್ಟು ಅನ್ನುವುದು.

ಕಳೆದ ವಾರ ಈ ಪದವನ್ನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್, ಷರತ್ತು ಹಾಕಿದ್ದು ಯಾರು?” ಎಲ್ಲರೂ ನಕ್ಕರು. ನನಗೆ ಮಾತ್ರ ಉತ್ತರ ತೋಚಲಿಲ್ಲ. ಅವಳು ಕೇಳಿದ್ದು ಸರಿಯಾಗೇ ಇತ್ತು. ಕನ್ನಡದಲ್ಲಿ ಷರತ್ತು ಅಂದರೆ ಒಬ್ಬರು ಹಾಕುವುದು, ಇನ್ನೊಬ್ಬರು ಒಪ್ಪುವುದು. ಷರತ್ತುಬದ್ಧ ಜಾಮೀನು, ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದ ‘ಷರತ್ತುಗಳು ಅನ್ವಯ’. ಇಲ್ಲಿ ಯಾರೂ ಏನೂ ಹಾಕುವುದಿಲ್ಲ. ನಾವು ನೋಡುವ ಗುಂಪನ್ನು ಚಿಕ್ಕದು ಮಾಡಿಕೊಳ್ಳುತ್ತೇವೆ, ಅಷ್ಟೇ. (ಇದೇ ಪದಕ್ಕೆ ಹಿಂದಿಯಲ್ಲಿ ಬಾಜಿ ಅನ್ನುವ ಅರ್ಥವೂ ಇದೆ. ಸಂಭವನೀಯತೆಯ ಗಣಿತದ ಶುರುವಿನಲ್ಲಿ, 1654ರಲ್ಲಿ, ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡದ್ದು ಜೂಜಿನ ಹಣ ಹಂಚುವ ಲೆಕ್ಕದ ಮೇಲೆ. ಹಾಗಾಗಿ ಹಿಂದಿಯವರಿಗೆ ಅದು ಹೇಗೋ ಹೊಂದಿಕೊಳ್ಳುತ್ತದೆ. ನಮಗೆ ಆ ಭಾಗ್ಯವೂ ಇಲ್ಲ.)

ವ್ಯಾಖ್ಯೆ ಬಿಟ್ಟು ಪಟ್ಟಿ ಹಿಡಿದೆ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಲೆಕ್ಕ ಇದು. ಸಂಖ್ಯಾಶಾಸ್ತ್ರದ ಪಾಠಗಳಲ್ಲಿ ಬಹಳ ಓಡಾಡುವ ಪಟ್ಟಿ, ಸಂಖ್ಯಾಶಾಸ್ತ್ರದ ಲೆಕ್ಕ ಮಾಡುವ ‘ಆರ್’ (R) ತಂತ್ರಾಂಶದ ಜೊತೆಗೇ ಬರುತ್ತದೆ. ಪ್ರತಿ ಸಾಲಲ್ಲೂ ಬದುಕಿದವರು, ತೀರಿಕೊಂಡವರು, ಒಟ್ಟು ಅಂತ ಓದಿಕೊಳ್ಳಿ:

ಮೊದಲ ದರ್ಜೆ: 203 – 122 – 325
ಎರಡನೇ ದರ್ಜೆ: 118 – 167 – 285
ಮೂರನೇ ದರ್ಜೆ: 178 – 528 – 706
ಸಿಬ್ಬಂದಿ: 212 – 673 – 885
ಒಟ್ಟು: 711 – 1490 – 2201

“ಸಿಬ್ಬಂದಿ ಜಾಸ್ತಿ ಬದುಕಿದರಾ, ಕಮ್ಮಿ ಬದುಕಿದರಾ?” ಅಂತ ಕೇಳಿದೆ. ಕ್ಲಾಸು ಎರಡು ಪಂಗಡವಾಯಿತು. ಎರಡೂ ಪಂಗಡದವರು ಸರಿ! ಬದುಕಿದ 711 ಜನರ ಪೈಕಿ ಸಿಬ್ಬಂದಿ 212, ಅಂದರೆ ಸುಮಾರು 30%. ನಾಲ್ಕು ಗುಂಪುಗಳಲ್ಲಿ ಇದೇ ದೊಡ್ಡದು. ಆದರೆ 885 ಸಿಬ್ಬಂದಿಯ ಪೈಕಿ ಬದುಕಿದವರು ಅದೇ 212, ಅಂದರೆ 24%. ನಾಲ್ಕು ಗುಂಪುಗಳಲ್ಲಿ ಇದೇ ಕಮ್ಮಿ. ಭಿನ್ನರಾಶಿಯ ಮೇಲಿನ ಸಂಖ್ಯೆ (ಅಂಶ) ಒಂದೇ, ಕೆಳಗಿನದು (ಛೇದ) ಬೇರೆ.

ಗಮನಿಸಿ, ಇಷ್ಟನ್ನೂ ಹೇಳುವಾಗ ನಾನು ‘ಷರತ್ತು’ ಅನ್ನಲೇ ಇಲ್ಲ. ‘ಪೈಕಿ’ ಅಂದೆ, ಮಕ್ಕಳಿಗೆ ಅರ್ಥವಾಯಿತು. ಮರಾಠಿಯಲ್ಲೂ ಇರುವ ಈ ಮಾತು ನಮ್ಮ ಕಂದಾಯದ ಕಾಗದಗಳಲ್ಲಿ ಬೇರುಬಿಟ್ಟಿದೆ. ‘ಸರ್ವೆ ನಂಬರ್ ಇಷ್ಟರ ಪೈಕಿ ಎರಡು ಎಕರೆ’ ಅಂದರೆ ಯಾವ ರೈತರ ಮನೆ ಮಕ್ಕಳಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲು ಇಡೀ ಜಮೀನು, ಆಮೇಲೆ ಅದರೊಳಗಿನ ಪಾಲು. ಪೈಕಿ ಪಹಣಿಯ ಜಗಳ ಮನೆಯಲ್ಲೇ ಕೇಳಿ ಬೆಳೆದ ಒಬ್ಬ ಹುಡುಗನಂತೂ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದ.

‘ಪೈಕಿ’ಯಲ್ಲಿ ಇನ್ನೊಂದು ಅನುಕೂಲ ಇದೆ. ಕನ್ನಡದಲ್ಲಿ ಹೀಗೆ ಪಾಲು ಹೇಳುವಾಗ ಛೇದ ಮೊದಲು ಬರುತ್ತದೆ. ‘ನಾಲ್ಕರಲ್ಲಿ ಮೂರು’ ಅನ್ನುತ್ತೇವೆ, ಮೂರನ್ನು ಮೊದಲು ಹೇಳುವುದಿಲ್ಲ. ಆದರೆ ಪಠ್ಯದ ಚಿಹ್ನೆ P(A|B)ಯಲ್ಲಿ ಮೊದಲು ಎ, ಆಮೇಲೆ ಒಂದು ನಿಂತ ಗೆರೆ, ಆಮೇಲೆ ಬಿ. ಇಲ್ಲಿ ಬಿ ಅನ್ನುವುದೇ ಇಡೀ ಜಮೀನು, ಆದರೆ ಕೂತಿರುವುದು ಕೊನೆಯಲ್ಲಿ. ಎಡದಿಂದ ಬಲಕ್ಕೆ ಓದಿಕೊಂಡು ಹೋಗುವ ಕನ್ನಡದ ಹುಡುಗರು ‘ಎ ಪೈಕಿ ಬಿ’ ಮಾಡಿಬಿಡುತ್ತಾರೆ. ಪರೀಕ್ಷೆಯಲ್ಲಿ ತಿರುವುಮುರುವಾಗುವುದು ಬಹಳ ಸಲ ದಡ್ಡತನದಿಂದಲ್ಲ, ಭಾಷೆಯ ಅಭ್ಯಾಸದಿಂದ ಅಂತ ನನ್ನ ಅನುಮಾನ. ಈಗ “ಗೆರೆಯ ಬಲಗಡೆಯಿಂದ ಶುರುಮಾಡಿ, ‘ಬಿ ಪೈಕಿ ಎ’ ಅಂತ ಓದಿ” ಅಂತ ಹೇಳಿಕೊಡುತ್ತಿದ್ದೇನೆ.

‘-ರೆ’ ಪ್ರತ್ಯಯ ಸಾಲದೇ ಅಂತ ಕೇಳಬಹುದು. ‘ಬಿ ಆದರೆ ಎ ಆಗುವ ಸಂಭವ’. ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ‘ಮಳೆ ಬಂದರೆ ಕೆರೆ ತುಂಬುತ್ತದೆ’ ಅಂದಾಗ ಮಳೆ ಮೊದಲು, ಕೆರೆ ಆಮೇಲೆ. ಒಂದು ಕಾರಣ, ಇನ್ನೊಂದು ಫಲ. ‘ಮೊದಲ ದರ್ಜೆಯವರಾದರೆ ಬದುಕುವ ಸಂಭವ’ ಸಲೀಸಾಗಿ ಬರುತ್ತದೆ. ತಿರುಗಿಸಿ ನೋಡಿ: ‘ಬದುಕಿದರೆ ಮೊದಲ ದರ್ಜೆಯವರಾಗುವ ಸಂಭವ’. ಬದುಕಿದ್ದಕ್ಕೆ ಬಹುಮಾನವಾಗಿ ಟಿಕೆಟ್ ಕೊಟ್ಟ ಹಾಗಾಯಿತು! ‘ಬದುಕಿದ್ದಾರೆ ಅಂತ ಗೊತ್ತಾದರೆ’ ಅಂತ ಉದ್ದ ಮಾಡಿದರೆ ಸರಿಹೋಗುತ್ತದೆ, ಆದರೆ ಪ್ರತಿ ಸಾಲಲ್ಲೂ ಬರೆಯುವುದು ಕಷ್ಟ. ‘ಪೈಕಿ’ಗೆ ಹಿಂದು ಮುಂದು ಇಲ್ಲ.

ಒಂದು ಅಡ್ಡಿ ನನಗೇ ಹೊಳೆದಿದೆ. ‘ನಮ್ಮ ಪೈಕಿ’ ಅಂದರೆ ನಮ್ಮ ಕಡೆಯವರು, ನೆಂಟರು. ಅದರಿಂದ ಗೊಂದಲ ಆಗುತ್ತದೆ ಅನಿಸುತ್ತದೆಯೇ? ನನ್ನ ಕ್ಲಾಸಿನಲ್ಲಂತೂ ಆಗಲಿಲ್ಲ.

ಇನ್ನು ‘ಸ್ವತಂತ್ರ ಘಟನೆಗಳು’, ಅಂದರೆ ಒಂದು ನಡೆದಿದೆ ಅಂತ ಗೊತ್ತಾದರೂ ಇನ್ನೊಂದರ ಸಂಭವ ಬದಲಾಗದ ಘಟನೆಗಳು. ಇಲ್ಲಿ ನಾನು ನಿಜಕ್ಕೂ ಕಂಗಾಲು. ‘ಸ್ವತಂತ್ರ’ ಅಂದರೆ ಮಕ್ಕಳು ‘ಒಂದಕ್ಕೊಂದು ಸೇರದ್ದು’ ಅಂದುಕೊಂಡು ‘ಪರಸ್ಪರ ಹೊರತಾದ ಘಟನೆ’ಗಳ ಜೊತೆ ಕಲಸಿಬಿಡುತ್ತಾರೆ. ಅದು ಎಣ್ಣೆ ಸೀಗೆಕಾಯಿ ಸಂಬಂಧ: ಒಂದು ನಡೆದರೆ ಇನ್ನೊಂದು ನಡೆಯುವುದೇ ಇಲ್ಲ. ಸ್ವತಂತ್ರಕ್ಕೆ ಅದಕ್ಕಿಂತ ದೂರದ್ದು ಇನ್ನಿಲ್ಲ. ಹಾಗಾಗಿ ‘ಹಂಗಿಲ್ಲದ ಘಟನೆಗಳು’ ಅಂತ ಬರೆದು ನೋಡಿದೆ. ಬದುಕು ಟಿಕೆಟ್ಟಿನ ಹಂಗಿನಲ್ಲಿ ಇರದಿದ್ದರೆ ಮೊದಲ ದರ್ಜೆಯಲ್ಲೂ ಹಡಗಿನ ಒಟ್ಟು ಪಾಲೇ, ಅಂದರೆ ಸುಮಾರು 32% ಬದುಕಬೇಕಿತ್ತು. 325ರ ಪೈಕಿ 105 ಜನ. ಬದುಕಿದ್ದು 203. ಮೂರನೇ ದರ್ಜೆಯಲ್ಲಿ 228 ಇರಬೇಕಿತ್ತು, ಇದ್ದದ್ದು 178. ಹಂಗು ಕಣ್ಣಿಗೆ ಕಾಣುತ್ತದೆ. ಪದ ಗೆದ್ದಿತು ಅಂದುಕೊಂಡೆ.

ಆಮೇಲೆ ಇಸ್ಪೀಟ್ ಕಟ್ಟು ತೆಗೆದೆ. 52 ಎಲೆಗಳ ಪೈಕಿ ರಾಜ 4, ಹದಿಮೂರಕ್ಕೆ ಒಂದು. ಆಟೀನಿನ 13 ಎಲೆಗಳ ಪೈಕಿ ರಾಜ 1, ಅದೂ ಹದಿಮೂರಕ್ಕೆ ಒಂದು. ಎಲೆ ಆಟೀನ್ ಅಂತ ಗೊತ್ತಾದರೂ ರಾಜನ ಲೆಕ್ಕ ಕದಲಲಿಲ್ಲ. ಹಂಗಿಲ್ಲ, ಸರಿ. ಈಗ ಆಟೀನಿನ ‘ಎರಡು’ ಅನ್ನುವ ಒಂದು ಎಲೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಉಳಿದದ್ದು 51 ಎಲೆ, ರಾಜ 4: ಹನ್ನೆರಡೂಮುಕ್ಕಾಲಕ್ಕೆ ಒಂದು. ಆಟೀನಿನಲ್ಲಿ 12 ಎಲೆ, ರಾಜ 1: ಹನ್ನೆರಡಕ್ಕೆ ಒಂದು. ಸಮ ಇಲ್ಲ! ರಾಜನನ್ನು ಯಾರೂ ಮುಟ್ಟಿಲ್ಲ, ಕಾಣೆಯಾದದ್ದು ಲೆಕ್ಕಕ್ಕಿಲ್ಲದ ಒಂದು ‘ಎರಡು’ ಎಲೆ. ಆದರೂ ಸ್ವಾತಂತ್ರ್ಯ ಹೋಯಿತು. “ಹಂಗು ಎಲ್ಲಿಂದ ಬಂತು ಸರ್?” ಅಂದಳು ಅದೇ ಹುಡುಗಿ. ‘ಹಂಗು’ ಕೂಡ ಕಾರಣದ ವಾಸನೆ ಇರುವ ಪದವೇ ಅಲ್ವಾ. ಗಣಿತ ಕೇಳುವುದು ಪಾಲು ಕದಲಿತೇ ಇಲ್ಲವೇ ಅಂತ ಮಾತ್ರ. ‘ಪಾಲು ಕದಲದ ಜೋಡಿ’ ಅನ್ನಬಹುದೇ? ಕಿವಿಗೆ ಒಗ್ಗುತ್ತಿಲ್ಲ, ಆದರೆ ಸುಳ್ಳು ಹೇಳುವುದಿಲ್ಲ.

ಸಣ್ಣಪುಟ್ಟವು: ‘ದ್ವಿಮಾರ್ಗ ಕೋಷ್ಟಕ’ ಅಂದರೆ ಹೆದ್ದಾರಿ ನೆನಪಾಗುತ್ತದೆ, ‘ಅಡ್ಡ-ಕಂಬ ಪಟ್ಟಿ’ ಅಂತ ಬರೆಯುತ್ತಿದ್ದೇನೆ. ಎಷ್ಟು ಸಲ ಬಂತು ಅನ್ನುವ ‘ಆವೃತ್ತಿ’ (frequency) ಬದಲು ಸುಮ್ನೆ ‘ಎಣಿಕೆ’. ಸಂಖ್ಯೆ ಕೂರುವ ಚೌಕಕ್ಕೆ ‘ಕೋಶ’ದ ಬದಲು ಚೌಕಾಬಾರದಲ್ಲಿ ಅನ್ನುವಂತೆ ‘ಮನೆ’. ಅಂಚಿನಲ್ಲಿ ಬರುವ ಒಟ್ಟು ಸಂಖ್ಯೆಗಳಿಗೆ ‘ಅಂಚಿನ ಮೊತ್ತ’.

ಪರೀಕ್ಷೆಗೆ ಹಳೆಯ ಪದಗಳೂ ಗೊತ್ತಿರಬೇಕು, ಅವನ್ನು ಬಿಡುವುದಿಲ್ಲ. ಕೇಳಬೇಕಾದದ್ದು ಎರಡೇ. ಬೀದರ್, ಕಲಬುರಗಿ ಕಡೆಯವರು ಮತ್ತು ಕರಾವಳಿಯವರು ‘ಇಷ್ಟರ ಪೈಕಿ ಇಷ್ಟು’ ಅನ್ನುವ ಕಡೆ ದಿನನಿತ್ಯ ಏನು ಹೇಳುತ್ತೀರಿ? ಮತ್ತೆ, ‘ಸ್ವತಂತ್ರ’ದ ಜಾಗಕ್ಕೆ, ಆ ಆಟೀನ್ ಎರಡನ್ನು ಜೇಬಿಗೆ ಹಾಕಿದಾಗಲೂ ನಿಲ್ಲುವ ಪದ ಯಾರ ಬಳಿಯಾದರೂ ಇದೆಯೇ?